ನೆಲಕ್ಕೆ ತಕ್ಕ ಶೂ, ಪಾದಕ್ಕೆ ತಕ್ಕ ಅಳತೆ: ವ್ಯಾಯಾಮದ ಪಾದರಕ್ಷೆ ಆರಿಸುವ ಬಗೆ

ತುಮಕೂರು ಜಿಲ್ಲೆಯ ಉತ್ತರ ಭಾಗದ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಬಂಡೆ, ಬೆಟ್ಟ, ಬಯಲುಗಳ ಸೀಮೆ. ಇಲ್ಲಿನ ಪಟ್ಟಣಗಳ ಮೈದಾನ ಹಾಗೂ ರಸ್ತೆಗಳಲ್ಲಿ ಮುಂಜಾನೆ ಕಾಣಸಿಗುವವರು ಹಲವು ಬಗೆಯವರು. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಕಾರಣಕ್ಕೆ ವೈದ್ಯರ ಸಲಹೆಯಂತೆ ನಡೆಯುವ ಮಧ್ಯವಯಸ್ಕರು, ಪೊಲೀಸ್ ಮತ್ತು ಸೇನಾ ನೇಮಕಾತಿಯ ಓಟಕ್ಕೆ ಸಿದ್ಧರಾಗುತ್ತಿರುವ ಯುವಕ ಯುವತಿಯರು, ಕಬಡ್ಡಿ, ಕೊಕ್ಕೊ, ವಾಲಿಬಾಲ್ ಅಭ್ಯಾಸಕ್ಕೆ ಬರುವ ವಿದ್ಯಾರ್ಥಿಗಳು. ವಾರಾಂತ್ಯವಾದರೆ ಮಧುಗಿರಿ ಕೋಟೆ, ಸಿದ್ಧರಬೆಟ್ಟ, ಚನ್ನರಾಯನದುರ್ಗಗಳಿಗೆ ಬೆಂಗಳೂರಿನಿಂದ ಬರುವ ಚಾರಣಿಗರೂ ಇವರೊಂದಿಗೆ ಸೇರುತ್ತಾರೆ.

ಇವರೆಲ್ಲರ ಕೆಲಸ ಬೇರೆ, ನೆಲ ಬೇರೆ, ಪಾದ ಬೇರೆ. ಆದರೆ ಅಂಗಡಿಯಲ್ಲಿ ಎಲ್ಲರೂ ಕೇಳುವುದು ಒಂದೇ: ‘ಒಳ್ಳೆಯ ಸ್ಪೋರ್ಟ್ಸ್ ಶೂ’. ಎಲ್ಲಕ್ಕೂ ಒಳ್ಳೆಯದಾದ ಶೂ ಎಂಬುದು ಇಲ್ಲ. ಯಾವ ನೆಲದ ಮೇಲೆ, ಯಾವ ಚಲನೆಗೆ, ಎಂತಹ ಪಾದಕ್ಕೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲಷ್ಟೇ ಆಯ್ಕೆ ಸರಿಯಾಗಲು ಸಾಧ್ಯ. ಈ ಲೇಖನ ನಾಲ್ಕು ತಾಲ್ಲೂಕುಗಳ ನೆಲವನ್ನು ಉದಾಹರಣೆಯಾಗಿ ಇಟ್ಟುಕೊಂಡು ಆ ಉತ್ತರಗಳನ್ನು ವಿವರಿಸುತ್ತದೆ. ರಾಜ್ಯದ ಬೇರೆ ಊರುಗಳವರಿಗೂ ಇದೇ ಕ್ರಮ ಅನ್ವಯಿಸುತ್ತದೆ.

ಶೂ ಮಾಡುವುದೇನು, ಮಾಡದಿರುವುದೇನು

ಓಡುವಾಗ ಪ್ರತಿ ಹೆಜ್ಜೆಯಲ್ಲೂ ದೇಹದ ತೂಕದ ಎರಡರಿಂದ ಮೂರು ಪಟ್ಟು ಬಲ ಪಾದದ ಮೇಲೆ ಬೀಳುತ್ತದೆ. 60 ಕಿಲೋ ತೂಕದ ವ್ಯಕ್ತಿಯ ಕಾಲು 120ರಿಂದ 180 ಕಿಲೋ ತೂಕಕ್ಕೆ ಸಮನಾದ ಬಲವನ್ನು ತಾಳಿಕೊಳ್ಳಬೇಕಾಗುತ್ತದೆ. ಶೂವಿನ ನಡುವಿನ ಮೆತ್ತನೆಯ ಪದರ ಈ ಬಲವನ್ನು ತುಸು ನಿಧಾನವಾಗಿ ಕಾಲಿಗೆ ದಾಟಿಸುತ್ತದೆ. ಕೆಳಗಿನ ರಬ್ಬರಿನ ಅಟ್ಟೆ ನೆಲವನ್ನು ಹಿಡಿಯುತ್ತದೆ ಮತ್ತು ಚರ್ಮವನ್ನು ಕಲ್ಲು, ಮುಳ್ಳು, ಬಿಸಿಯಿಂದ ಕಾಪಾಡುತ್ತದೆ. ಆದರೆ ಬಲವನ್ನು ತಾಳುವ ಮುಖ್ಯ ಕೆಲಸ ಮಾಡುವುದು ಸ್ನಾಯು, ಸ್ನಾಯುರಜ್ಜು ಮತ್ತು ಮೂಳೆಗಳೇ. ಅವು ಸಿದ್ಧವಾಗಿರದಿದ್ದರೆ ಯಾವ ಶೂವೂ ಗಾಯವನ್ನು ತಡೆಯಲಾರದು.

ಇಥಿಯೋಪಿಯದ ಅಬೆಬೆ ಬಿಕಿಲ 1960ರ ರೋಮ್ ಒಲಿಂಪಿಕ್ಸ್‌ನ ಮ್ಯಾರಥಾನನ್ನು ಬರಿಗಾಲಲ್ಲಿ ಗೆದ್ದರು. 1964ರಲ್ಲಿ ಟೋಕಿಯೊದಲ್ಲಿ ಅದೇ ಓಟವನ್ನು ಶೂ ಧರಿಸಿ ಗೆದ್ದರು. ಎರಡು ಗೆಲುವಿಗೂ ಸಮಾನವಾಗಿದ್ದುದು ವರ್ಷಗಳ ಅಭ್ಯಾಸದಿಂದ ಪಳಗಿದ ಕಾಲು.

ಪಾದದ ಕಮಾನು ನೋಡಿ ಶೂ ಆರಿಸಬೇಕೆಂಬ ಮಾತು ಬಹುಕಾಲದಿಂದ ಪ್ರಚಾರದಲ್ಲಿದೆ. ಒದ್ದೆ ಪಾದವನ್ನು ನೆಲದ ಮೇಲೆ ಊರಿ, ಮೂಡಿದ ಗುರುತಿನಿಂದ ಚಪ್ಪಟೆ ಪಾದ, ಸಾಧಾರಣ ಪಾದ, ಎತ್ತರದ ಕಮಾನಿನ ಪಾದ ಎಂದು ವಿಂಗಡಿಸಿ, ಒಂದೊಂದಕ್ಕೆ ಒಂದೊಂದು ಬಗೆಯ ಶೂ ಸೂಚಿಸುವ ಪದ್ಧತಿ ಇದು. ಅಮೆರಿಕದ ಭೂಸೇನೆ, ವಾಯುಸೇನೆ ಮತ್ತು ಮರೀನ್ ಪಡೆಗಳ ತರಬೇತಿ ಶಿಬಿರಗಳಲ್ಲಿ ಸಾವಿರಾರು ಅಭ್ಯರ್ಥಿಗಳ ಮೇಲೆ ಇದನ್ನು ಪರೀಕ್ಷಿಸಲಾಯಿತು. ಕಮಾನು ನೋಡಿ ಶೂ ಕೊಟ್ಟವರಿಗೂ, ನೋಡದೆ ಎಲ್ಲರಿಗೂ ಒಂದೇ ಬಗೆಯ ಶೂ ಕೊಟ್ಟವರಿಗೂ ಆದ ಗಾಯಗಳಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. ಓಟದ ಶೂಗಳ ಕುರಿತ 12 ಪ್ರಯೋಗಗಳನ್ನು, ಒಟ್ಟು 11,240 ಜನರ ವಿವರಗಳನ್ನು, ಪರಿಶೀಲಿಸಿದ 2022ರ ಕಾಕ್ರೇನ್ ವಿಮರ್ಶೆಯೂ ಒಂದು ಬಗೆಯ ಶೂ ಇನ್ನೊಂದಕ್ಕಿಂತ ಗಾಯವನ್ನು ಹೆಚ್ಚು ತಡೆಯುತ್ತದೆ ಎನ್ನಲು ದೃಢ ಆಧಾರವಿಲ್ಲವೆಂದೇ ಹೇಳಿತು.

ಹಾಗೆಂದು ಶೂ ಯಾವುದಾದರೂ ನಡೆದೀತು ಎಂದಲ್ಲ. ಲಕ್ಸೆಂಬರ್ಗ್‌ನಲ್ಲಿ 848 ಹವ್ಯಾಸಿ ಓಟಗಾರರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಗಟ್ಟಿ ಅಟ್ಟೆಯ ಶೂ ಧರಿಸಿದವರಿಗೆ ಮೆತ್ತನೆಯ ಅಟ್ಟೆಯವರಿಗಿಂತ ಗಾಯದ ಸಂಭವ ಸುಮಾರು ಒಂದೂವರೆ ಪಟ್ಟು ಹೆಚ್ಚಿತ್ತು. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಬೆನ್ನೊ ನಿಗ್ ಮತ್ತು ಸಂಗಡಿಗರು 2015ರಲ್ಲಿ ಮುಂದಿಟ್ಟ ವಾದ ಇನ್ನೂ ಸರಳವಾದುದು: ಧರಿಸಿ ಓಡಿದಾಗ ಯಾವುದು ಹಿತವೆನಿಸುತ್ತದೆಯೋ ಅದನ್ನೇ ಆರಿಸುವುದು ಉತ್ತಮ. ಅದಕ್ಕೂ ಮುನ್ನ 2001ರಲ್ಲಿ ಸೈನಿಕರ ಮೇಲೆ ನಡೆದ ಅಧ್ಯಯನದಲ್ಲಿ, ತಮಗೆ ಹಿತವೆನಿಸಿದ ಒಳ ಅಟ್ಟೆಯನ್ನು ತಾವೇ ಆರಿಸಿಕೊಂಡವರಲ್ಲಿ ಗಾಯ ಕಡಿಮೆಯಾಗಿದ್ದುದು ಕಂಡುಬಂದಿತ್ತು. ಜಾಹೀರಾತಿನ ಮಾತಿಗಿಂತ ಕೊಳ್ಳುವವರ ಪಾದದ ಮಾತಿಗೆ ಹೆಚ್ಚು ಬೆಲೆಯಿದೆ ಎಂಬುದು ಇವುಗಳ ಸಾರ.

ನಾಲ್ಕು ತಾಲ್ಲೂಕು, ನಾಲ್ಕು ನೆಲ

ಮಧುಗಿರಿ: ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದೆಂದು ಹೆಸರಾದ ಇಲ್ಲಿನ ಕೋಟೆ ಬೆಟ್ಟದಲ್ಲಿ ಮೇಲೇರಿದಂತೆ ಮೆಟ್ಟಿಲುಗಳು ಮುಗಿದು ಇಳಿಜಾರಾದ ಬೋಳು ಬಂಡೆ ಎದುರಾಗುತ್ತದೆ. ಅಂತಹ ಕಡೆ ಬಂಡೆಯಲ್ಲಿ ಕೊರೆದ ಗುಳಿಗಳೇ ಕಾಲಿಗೆ ಆಸರೆ. ಇಲ್ಲಿ ಬೇಕಾದುದು ಬಂಡೆಯನ್ನು ಹಿಡಿಯುವ ಮೆದು ರಬ್ಬರಿನ ಅಟ್ಟೆ. ಗಟ್ಟಿ ಪ್ಲಾಸ್ಟಿಕ್‌ನಂತಹ ಪಿ.ವಿ.ಸಿ. ಅಟ್ಟೆ ಒಣ ಬಂಡೆಯ ಮೇಲೂ ಜಾರುತ್ತದೆ. ಗುರುತು ಹಿಡಿಯುವುದು ಸುಲಭ: ಅಟ್ಟೆಯನ್ನು ಉಗುರಿನಿಂದ ಒತ್ತಿದಾಗ ತುಸು ತಗ್ಗಿ ಮತ್ತೆ ಮೇಲೇಳುವುದು ರಬ್ಬರ್, ನುಣುಪಾಗಿ ಹೊಳೆಯುತ್ತ ಉಗುರಿಗೆ ಬಗ್ಗದಿರುವುದು ಬಂಡೆಗೆ ತಕ್ಕುದಲ್ಲ. ಮಳೆ ಬಿದ್ದು ಪಾಚಿ ಕಟ್ಟಿದ ಬಂಡೆಯ ಮೇಲೆ ಮಾತ್ರ ಎಂತಹ ಅಟ್ಟೆಯೂ ನಂಬಿಕೆಗೆ ಅರ್ಹವಲ್ಲ; ಆ ದಿನ ಬೆಟ್ಟ ಹತ್ತದಿರುವುದೇ ವಿವೇಕ.

ಹತ್ತುವುದಕ್ಕಿಂತ ಇಳಿಯುವಾಗಲೇ ಕಾಲಿಗೆ ಹೆಚ್ಚು ಪೆಟ್ಟು. ಇಳಿಜಾರಿನಲ್ಲಿ ಪಾದ ಮುಂದಕ್ಕೆ ಜರುಗಿ ಬೆರಳ ತುದಿ ಶೂವಿಗೆ ಬಡಿಯುತ್ತದೆ; ಹೆಬ್ಬೆರಳ ಉಗುರು ಕಪ್ಪಾಗುವುದು ಇದರಿಂದಲೇ. ಇಳಿಯುವ ಮುನ್ನ ಲೇಸನ್ನು ಪಾದದ ಮೇಲ್ಭಾಗದಲ್ಲಿ ಬಿಗಿಯಾಗಿ ಕಟ್ಟಿ ಹಿಮ್ಮಡಿ ಕದಲದಂತೆ ಮಾಡಿಕೊಂಡರೆ ಈ ತೊಂದರೆ ತಪ್ಪುತ್ತದೆ.

ಕೊರಟಗೆರೆ: ಸಿದ್ಧರಬೆಟ್ಟದ ಕಲ್ಲಿನ ಮೆಟ್ಟಿಲು, ಚನ್ನರಾಯನದುರ್ಗದ ಪೊದೆಗಳ ನಡುವಿನ ಕಾಲುದಾರಿ ಎರಡರಲ್ಲೂ ಹೆಜ್ಜೆ ಸಮವಾಗಿ ಬೀಳುವುದಿಲ್ಲ. ಸಡಿಲ ಕಲ್ಲು, ಮರದ ಬೇರು, ಒಣ ಎಲೆಗಳ ಮೇಲೆ ಕಾಲು ಹೊರಳುವುದು ಸಾಮಾನ್ಯ. ತೀರ ದಪ್ಪನೆಯ, ಎತ್ತರದ, ಮೆತ್ತನೆಯ ಅಟ್ಟೆಯ ಓಟದ ಶೂ ಇಲ್ಲಿ ಹಾನಿಕರ. ಎತ್ತರ ಹೆಚ್ಚಿದಷ್ಟೂ ಪಾದ ಪಕ್ಕಕ್ಕೆ ಮಗುಚುವ ಸಂಭವ ಹೆಚ್ಚು. ಅಟ್ಟೆ ತಗ್ಗಾಗಿಯೂ ಅಗಲವಾಗಿಯೂ ಇದ್ದು, ತಳದಲ್ಲಿ ಆಳವಾದ ಹಲ್ಲುಗಳಿರುವ, ಬೆರಳ ಮುಂಭಾಗ ಗಟ್ಟಿಯಾಗಿರುವ ಚಾರಣದ ಶೂ ಸೂಕ್ತ. ಹರಕೆಯಿಂದ ಬರಿಗಾಲಲ್ಲಿ ಬೆಟ್ಟ ಹತ್ತುವವರು ಕಲ್ಲು ಕಾಯುವ ಮೊದಲೇ, ಮುಂಜಾನೆಯಲ್ಲೇ ಹತ್ತಿ ಇಳಿಯುವುದು ಲೇಸು.

ಶಿರಾ: ರಾಷ್ಟ್ರೀಯ ಹೆದ್ದಾರಿ 48ರ ಮೇಲಿರುವ ಈ ಪಟ್ಟಣದಲ್ಲಿ ಡಾಂಬರು ಹಾಗೂ ಕಾಂಕ್ರೀಟ್ ರಸ್ತೆಯಲ್ಲಿ ನಡೆಯುವವರು, ಓಡುವವರು ಅನೇಕರು. ಗಟ್ಟಿ ನೆಲಕ್ಕೆ ಮೆತ್ತನೆಯ ನಡು ಪದರವಿರುವ ಸಾಮಾನ್ಯ ಓಟದ ಶೂ ಸಾಕು. ಬೆಟ್ಟದ ಶೂವಿನ ಆಳವಾದ ಹಲ್ಲುಗಳು ಇಲ್ಲಿ ಬೇಗ ಸವೆಯುತ್ತವೆ. ಹೆಚ್ಚಿನವರು ಗಮನಿಸದ ಸಂಗತಿಯೊಂದಿದೆ. ಮಳೆನೀರು ಹರಿದುಹೋಗಲೆಂದು ರಸ್ತೆಯನ್ನು ನಡುವಿನಿಂದ ಅಂಚಿನ ಕಡೆಗೆ ಓರೆಯಾಗಿ ಕಟ್ಟಿರುತ್ತಾರೆ. ನಿತ್ಯವೂ ಒಂದೇ ಅಂಚಿನಲ್ಲಿ ಓಡಿದರೆ ಒಂದು ಕಾಲು ಸದಾ ತಗ್ಗಿನಲ್ಲಿ ಬಿದ್ದು, ಮಂಡಿ ಮತ್ತು ಸೊಂಟದ ಒಂದೇ ಪಕ್ಕಕ್ಕೆ ನೋವು ಬರುವ ಸಾಧ್ಯತೆಯಿದೆ. ವಾಹನಗಳಿಗೆ ಎದುರಾಗಿ ನಡೆಯುವುದು ಸುರಕ್ಷಿತವಾದ ಕಾರಣ ರಸ್ತೆಯ ಪಕ್ಕ ಬದಲಿಸುವುದು ಇದಕ್ಕೆ ಪರಿಹಾರವಲ್ಲ. ವಾರದಲ್ಲಿ ಕೆಲವು ದಿನ ಸಮತಟ್ಟಾದ ಮೈದಾನಕ್ಕೆ ಹೋಗುವುದೇ ಸರಿಯಾದ ಮಾರ್ಗ.

ಪಾವಗಡ: ಬಿಸಿಲು, ಕಲ್ಲು, ಮುಳ್ಳುಗಳ ನೆಲ. ಬಳ್ಳಾರಿ ಜಾಲಿಯ ಮುಳ್ಳು ಹಗುರವಾದ ಫೋಮ್ ಅಟ್ಟೆಯನ್ನು ತೂರಿ ಪಾದದವರೆಗೆ ಬರಬಲ್ಲದು. ತಳದಲ್ಲಿ ಪೂರ್ತಿ ರಬ್ಬರ್ ಪದರವಿಲ್ಲದೆ, ಅಲ್ಲಲ್ಲಿ ಮಾತ್ರ ತುಂಡು ಅಂಟಿಸಿರುವ ಶೂಗಳು ಹೊಲದ ಬದು, ಕಾಲುದಾರಿಗಳಿಗೆ ಹೊಂದುವುದಿಲ್ಲ. ಬಿಸಿಲಿನಲ್ಲಿ ಬಿಟ್ಟ ಶೂವಿನ ಅಂಟು ಸಡಿಲಗೊಂಡು ಅಟ್ಟೆ ಬಾಯಿ ಬಿಡುತ್ತದೆ. ಆದ್ದರಿಂದ ತೊಳೆದ ಶೂವನ್ನು ನೆರಳಿನಲ್ಲಿ, ಗಾಳಿಯಾಡುವೆಡೆ ಒಣಗಿಸುವುದು ಒಳಿತು. ಹೊರಗಿಟ್ಟ ಶೂವನ್ನು ಕೊಡವಿ ನೋಡಿಯೇ ಧರಿಸುವುದು ಚೇಳಿರುವ ಸೀಮೆಯಲ್ಲಿ ಕಡ್ಡಾಯದ ಅಭ್ಯಾಸವಾಗಬೇಕು.

ಆಟಕ್ಕೆ ತಕ್ಕ ಶೂ

ನಡೆಯುವುದು ಮತ್ತು ಓಡುವುದು ಮುಂದಕ್ಕೆ ಸಾಗುವ ಚಲನೆಗಳು. ವಾಲಿಬಾಲ್, ಷಟಲ್ ಬ್ಯಾಡ್ಮಿಂಟನ್, ಬ್ಯಾಸ್ಕೆಟ್‌ಬಾಲ್‌ಗಳಲ್ಲಿ ಪಕ್ಕಕ್ಕೆ ಜಿಗಿಯುವುದು, ತಟ್ಟನೆ ನಿಲ್ಲುವುದು, ಹಿಂದಕ್ಕೆ ತಿರುಗುವುದು ಹೆಚ್ಚು. ಓಟದ ಶೂ ಧರಿಸಿ ಇವನ್ನು ಆಡುವುದು ಕಾಲು ಉಳುಕಲು ಸಾಮಾನ್ಯ ಕಾರಣಗಳಲ್ಲೊಂದು. ಓಟದ ಶೂವಿನ ಹಿಮ್ಮಡಿ ಎತ್ತರವಾಗಿಯೂ ಮೆತ್ತಗೂ ಇರುವುದರಿಂದ ಪಕ್ಕಕ್ಕೆ ಜಿಗಿದಾಗ ಪಾದ ಮಗುಚುತ್ತದೆ. ಅಂಕಣದ ಆಟಗಳಿಗೆ ತಳ ಚಪ್ಪಟೆಯಾಗಿದ್ದು, ಪಕ್ಕದ ಗೋಡೆ ಗಟ್ಟಿಯಾಗಿರುವ ಶೂ ಬೇಕು.

ಕಬಡ್ಡಿ ಮಣ್ಣಿನ ಅಂಕಣದಲ್ಲಿ ಬರಿಗಾಲ ಆಟ. ಮ್ಯಾಟ್ ಮೇಲೆ ಆಡುವಾಗ ಅದಕ್ಕೆಂದೇ ಮಾಡಿದ ತೆಳು ಅಟ್ಟೆಯ ಶೂ ಬಳಕೆಯಲ್ಲಿದೆ. ಬರಿಗಾಲಲ್ಲಿ ಆಡುವವರಿಗೆ ಅಂಕಣವೇ ಶೂ ಇದ್ದಂತೆ. ಆಟಕ್ಕೆ ಮುನ್ನ ಕಲ್ಲು, ಗಾಜಿನ ಚೂರು, ಮುಳ್ಳುಗಳನ್ನು ಆರಿಸಿ ತೆಗೆಯುವುದು, ಗಟ್ಟಿಯಾದ ಮಣ್ಣನ್ನು ಸಡಿಲಿಸಿ ಹದಗೊಳಿಸುವುದು ಗಾಯ ತಡೆಯುವ ಮೊದಲ ಕ್ರಮ. ಜಿಮ್‌ನಲ್ಲಿ ಭಾರ ಎತ್ತುವವರಿಗೂ ಮೆತ್ತನೆಯ ಓಟದ ಶೂ ಹಿಡಿಸದು. ಭಾರ ಹೊತ್ತಾಗ ಪಾದ ಅಲುಗದಿರಲು ಗಟ್ಟಿ, ಚಪ್ಪಟೆ ತಳ ಬೇಕು.

ಹವಾಯಿ ಚಪ್ಪಲಿ ಮನೆಯ ಸುತ್ತಮುತ್ತ ಓಡಾಡಲು ಸರಿ. ವೇಗದ ನಡಿಗೆಗೆ ತಕ್ಕುದಲ್ಲ. ಹಿಂದೆ ಪಟ್ಟಿಯಿಲ್ಲದ ಕಾರಣ ಚಪ್ಪಲಿ ಜಾರದಂತೆ ಬೆರಳುಗಳು ಅದನ್ನು ಹಿಡಿದುಕೊಳ್ಳಬೇಕಾಗುತ್ತದೆ. ಸೀರೆ ಅಥವಾ ಚೂಡಿದಾರದೊಂದಿಗೆ ಶೂ ಧರಿಸಲು ಹಿಂಜರಿಯುವ ಮಹಿಳೆಯರು ಕನಿಷ್ಠ ಹಿಮ್ಮಡಿಗೆ ಪಟ್ಟಿ ಇರುವ, ಮೆತ್ತನೆಯ ತಳದ ಸ್ಯಾಂಡಲ್ ಬಳಸಬಹುದು.

ಅಳತೆ ತೆಗೆಯುವ ಕ್ರಮ

ಶೂವಿನ ಬಗೆ ಯಾವುದೇ ಇರಲಿ, ಅಳತೆ ತಪ್ಪಿದರೆ ಉಳಿದುದೆಲ್ಲ ವ್ಯರ್ಥ. ಅಂಗಡಿಗೆ ಹೋಗುವವರು ಈ ಅಂಶಗಳನ್ನು ನೆನಪಿನಲ್ಲಿಡಬೇಕು.

1. ಸಂಜೆ ಹೋಗುವುದು ಒಳ್ಳೆಯದು. ದಿನದ ಓಡಾಟದಿಂದ ಪಾದ ತುಸು ಉಬ್ಬಿರುತ್ತದೆ. ಓಡುವಾಗಲೂ ಹಾಗೆಯೇ ಉಬ್ಬುತ್ತದೆ.

2. ನಿಂತುಕೊಂಡೇ ಅಳತೆ ತೆಗೆಯಬೇಕು. ಕುಳಿತಾಗಿನ ಪಾದಕ್ಕಿಂತ ಭಾರ ಬಿದ್ದ ಪಾದ ಉದ್ದವಾಗಿಯೂ ಅಗಲವಾಗಿಯೂ ಇರುತ್ತದೆ.

3. ಎರಡು ಪಾದಗಳು ಸಾಮಾನ್ಯವಾಗಿ ಒಂದೇ ಅಳತೆಯಲ್ಲಿರುವುದಿಲ್ಲ. ದೊಡ್ಡ ಪಾದಕ್ಕೆ ತಕ್ಕ ಶೂ ಕೊಳ್ಳಬೇಕು.

4. ವ್ಯಾಯಾಮಕ್ಕೆ ಬಳಸುವ ಕಾಲುಚೀಲವನ್ನೇ ಧರಿಸಿ ಪರೀಕ್ಷಿಸಬೇಕು.

5. ಅತಿ ಉದ್ದದ ಬೆರಳಿಗೂ ಶೂವಿನ ತುದಿಗೂ ನಡುವೆ ಒಂದು ಹೆಬ್ಬೆರಳ ಅಗಲದಷ್ಟು ಜಾಗ ಇರಬೇಕು. ಕೆಲವರಿಗೆ ಹೆಬ್ಬೆರಳಿಗಿಂತ ಪಕ್ಕದ ಬೆರಳೇ ಉದ್ದ ಎಂಬುದನ್ನು ಗಮನಿಸಬೇಕು.

6. ಬೆರಳುಗಳು ಒಳಗೆ ಸರಾಗವಾಗಿ ಆಡಬೇಕು. ಹಿಮ್ಮಡಿ ಮಾತ್ರ ಕದಲಬಾರದು.

7. ಅಂಗಡಿಯೊಳಗೇ ಕೆಲವು ನಿಮಿಷ ನಡೆದು, ಸಾಧ್ಯವಾದರೆ ಹೊರಗೆ ನಾಲ್ಕು ಹೆಜ್ಜೆ ಓಡಿ ನೋಡಬೇಕು. ಎಲ್ಲಿಯಾದರೂ ಒತ್ತಿದರೆ ಅದು ಬೇಡ. ‘ಹಾಕುತ್ತ ಹಾಕುತ್ತ ಸಡಿಲವಾಗುತ್ತದೆ’ ಎಂಬ ಮಾತು ಚರ್ಮದ ಚಪ್ಪಲಿಗೆ ಹೊಂದಬಹುದು. ವ್ಯಾಯಾಮದ ಶೂಗೆ ಹೊಂದದು.

ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಬ್ರಿಟಿಷ್ ಅಳತೆ. ಇದರಲ್ಲಿ ಒಂದು ಸಂಖ್ಯೆಗೂ ಮುಂದಿನ ಸಂಖ್ಯೆಗೂ ಇರುವ ವ್ಯತ್ಯಾಸ ಇಂಚಿನ ಮೂರನೆಯ ಒಂದು ಭಾಗ, ಅಂದರೆ ಸುಮಾರು 8.5 ಮಿಲಿಮೀಟರ್. ಒಂದು ಕಂಪನಿಯ 8ನೇ ನಂಬರ್ ಮತ್ತೊಂದರ 8ಕ್ಕೆ ಸಮವಾಗಿರದ ಕಾರಣ ನಂಬರನ್ನೇ ನಂಬಿ ಆನ್‌ಲೈನ್‌ನಲ್ಲಿ ತರಿಸುವವರು ಪಾದದ ಉದ್ದವನ್ನು ಸೆಂಟಿಮೀಟರ್‌ನಲ್ಲಿ ಅಳೆದು ಕಂಪನಿಯ ಪಟ್ಟಿಯೊಂದಿಗೆ ಹೋಲಿಸಬೇಕು. ಕಾಗದವೊಂದರ ಮೇಲೆ ನಿಂತು, ಹಿಮ್ಮಡಿಯನ್ನು ಗೋಡೆಗೆ ತಾಗಿಸಿ, ಉದ್ದದ ಬೆರಳ ತುದಿಗೆ ಗುರುತು ಹಾಕಿದರೆ ಅಳತೆ ಸಿಗುತ್ತದೆ.

ಅಗಲದ ಪ್ರಶ್ನೆಯೂ ಮುಖ್ಯವೇ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯು 2021ರ ಕೊನೆ ಹಾಗೂ 2022ರ ಆರಂಭದಲ್ಲಿ ದೇಶದಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಅಳೆದಾಗ, ಭಾರತೀಯರ ಪಾದಗಳು ಯೂರೋಪ್ ಹಾಗೂ ಅಮೆರಿಕದವರ ಪಾದಗಳಿಗಿಂತ ಸಾಮಾನ್ಯವಾಗಿ ಅಗಲವಾಗಿರುವುದು ತಿಳಿದುಬಂತು. ಇದರ ಆಧಾರದ ಮೇಲೆ ‘ಭಾ’ ಎಂಬ ಭಾರತೀಯ ಅಳತೆ ಪದ್ಧತಿಯ ಪ್ರಸ್ತಾವವನ್ನು ಸಿದ್ಧಪಡಿಸಲಾಯಿತು. ಉದ್ದ ಸರಿಯಿದ್ದರೂ ಪಕ್ಕಗಳಲ್ಲಿ ಬಿಗಿಯುವ ಶೂಗಳು ಆಣಿ, ಬೊಬ್ಬೆ, ಬೆರಳಿನ ನೋವಿಗೆ ಕಾರಣ. ಅಗಲಕ್ಕಾಗಿ ಒಂದು ನಂಬರ್ ದೊಡ್ಡದು ಕೊಳ್ಳುವ ಬದಲು ಅಗಲವಾದ ಮಾದರಿಯನ್ನೇ ಕೇಳಿ ಪಡೆಯುವುದು ಉತ್ತಮ.

ಬೆಲೆ ಹೆಚ್ಚಿದರೆ ರಕ್ಷಣೆ ಹೆಚ್ಚುವುದೇ?

ಸ್ಕಾಟ್ಲೆಂಡ್‌ನ ಡಂಡೀಯಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವು ಮೂರು ಕಂಪನಿಗಳ ಅಗ್ಗದ, ಮಧ್ಯಮ ಬೆಲೆಯ ಹಾಗೂ ದುಬಾರಿ ಶೂಗಳನ್ನು ಹೋಲಿಸಿತು. ಅಂಗಾಲಿನ ಮೇಲೆ ಬೀಳುವ ಒತ್ತಡದಲ್ಲಾಗಲಿ, ಧರಿಸಿದವರಿಗೆ ಆದ ಹಿತದಲ್ಲಾಗಲಿ ಬೆಲೆಗೆ ತಕ್ಕ ವ್ಯತ್ಯಾಸ ಕಾಣಲಿಲ್ಲ. ಹೋಲಿಸಿದ ‘ಅಗ್ಗದ’ ಶೂಗಳೂ ಹೆಸರಾಂತ ಕಂಪನಿಗಳ ಅಸಲಿ ಓಟದ ಶೂಗಳೇ ಆಗಿದ್ದವು ಎಂಬುದನ್ನು ಮರೆಯಬಾರದು. ಸಂತೆಯಲ್ಲಿ, ರಸ್ತೆ ಬದಿಯಲ್ಲಿ ‘ಫಸ್ಟ್ ಕಾಪಿ’ ಎಂದು ಮಾರುವ ನಕಲಿಗಳಿಗೆ ಈ ಮಾತು ಅನ್ವಯಿಸದು. ಅವುಗಳ ಹೊರರೂಪ ಒಂದೇ ಆದರೂ ನಡು ಪದರದಲ್ಲಿ ಏನು ತುಂಬಿದೆ ಎಂಬುದು ಕೊಳ್ಳುವವರಿಗೆ ಕಾಣುವುದಿಲ್ಲ. ಹೆಸರಿಗಾಗಿ ನಕಲಿ ಕೊಳ್ಳುವ ಬದಲು ಅದೇ ಹಣಕ್ಕೆ ಸಿಗುವ ದೇಶಿ ಕಂಪನಿಯ ಅಸಲಿ ಶೂ ಮೇಲು.

ಕೊಳ್ಳುವ ಮುನ್ನ ನಾಲ್ಕು ಪರೀಕ್ಷೆಗಳನ್ನು ಮಾಡಬಹುದು. ಶೂವನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿದರೆ ಅದು ಯಾವ ಕಡೆಗೂ ವಾಲಿರಬಾರದು. ಎರಡು ಕೈಗಳಿಂದ ಬಗ್ಗಿಸಿದಾಗ ಬೆರಳುಗಳ ಬುಡದ ಬಳಿ ಬಗ್ಗಬೇಕೇ ಹೊರತು ನಡುವಿನಲ್ಲಿ ಅಲ್ಲ. ಬಟ್ಟೆ ಹಿಂಡುವಂತೆ ತಿರುಚಿದಾಗ ಪೂರ್ತಿ ಸುರುಳಿ ಸುತ್ತಬಾರದು. ಹಿಮ್ಮಡಿಯ ಹಿಂಭಾಗವನ್ನು ಹೆಬ್ಬೆರಳಿನಿಂದ ಒತ್ತಿದಾಗ ಕುಸಿಯಬಾರದು.

ನೇಮಕಾತಿ ಓಟಕ್ಕೆ ಸಿದ್ಧರಾಗುವವರಿಗೆ

ರಾಜ್ಯ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ ದೈಹಿಕ ಪರೀಕ್ಷೆಯಲ್ಲಿ ಪುರುಷರು 1600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡಿನೊಳಗೆ, ಮಹಿಳೆಯರು 400 ಮೀಟರ್ ದೂರವನ್ನು 2 ನಿಮಿಷದೊಳಗೆ ಓಡಬೇಕೆಂಬ ಮಾನದಂಡವಿದೆ. ಆ ವೇಗದಲ್ಲಿ 1600 ಮೀಟರ್ ಮುಗಿಸಲು ಸುಮಾರು 1100 ಹೆಜ್ಜೆಗಳು ಬೇಕು. ದಿನಕ್ಕೆ ಎರಡು ಮೂರು ಬಾರಿ, ವಾರಕ್ಕೆ ಆರು ದಿನ ಅಭ್ಯಾಸ ಮಾಡಿದರೆ ಹೆಜ್ಜೆಗಳ ಲೆಕ್ಕ ಎಷ್ಟಾಗುತ್ತದೆಂದು ಊಹಿಸಬಹುದು. ಅಧಿಸೂಚನೆ ಹೊರಬಿದ್ದ ಮೇಲೆ ಅಭ್ಯಾಸಕ್ಕೆ ಇಳಿಯುವವರಿಗೆ ಮೂಳೆ ಬಲಗೊಳ್ಳಲು ಸಮಯವೇ ಸಿಗುವುದಿಲ್ಲ. ಉಸಿರು ಮತ್ತು ಸ್ನಾಯುಗಳು ಕೆಲವೇ ವಾರಗಳಲ್ಲಿ ಪಳಗುತ್ತವೆ. ಮೂಳೆ ಪಳಗಲು ತಿಂಗಳುಗಳು ಬೇಕು. ಈ ಅಂತರದಲ್ಲಿಯೇ ಗಾಯಗಳಾಗುತ್ತವೆ.

ಮೊಣಕಾಲಿನ ಕೆಳಗೆ, ಮುಂಗಾಲ ಮೂಳೆಯ ಒಳ ಅಂಚಿನುದ್ದಕ್ಕೂ ಹರಡಿದ ನೋವು ಕಾಣಿಸಿಕೊಂಡರೆ ಅಭ್ಯಾಸ ತಗ್ಗಿಸಬೇಕೆಂಬ ಎಚ್ಚರಿಕೆ ಅದು. ನೋವು ಒಂದೇ ಬಿಂದುವಿನಲ್ಲಿ ನಿಂತು, ಬೆರಳಿನಿಂದ ಮುಟ್ಟಿ ತೋರಿಸುವಂತಿದ್ದು, ನಡೆಯುವಾಗ ಅಥವಾ ರಾತ್ರಿ ಮಲಗಿದಾಗಲೂ ಕಾಡಿದರೆ ಮೂಳೆಯಲ್ಲಿ ಸೂಕ್ಷ್ಮ ಬಿರುಕು ಬಿಟ್ಟಿರುವ ಶಂಕೆಯಿದೆ. ಆಗ ಓಟ ನಿಲ್ಲಿಸಿ ವೈದ್ಯರನ್ನು ಕಾಣಲೇಬೇಕು. ಆರಂಭದ ಎಕ್ಸ್‌ರೇಯಲ್ಲಿ ಇಂತಹ ಬಿರುಕು ಕಾಣದೆಯೂ ಇರಬಹುದು. ಪರೀಕ್ಷೆಯ ದಿನ ಹತ್ತಿರವಾಯಿತೆಂದು ನೋವಿನ ಮಾತ್ರೆ ನುಂಗಿ ಓಡಿದವರು ಆ ಪರೀಕ್ಷೆಯ ಜೊತೆಗೆ ಮುಂದಿನ ಅವಕಾಶವನ್ನೂ ಕಳೆದುಕೊಳ್ಳುವ ಅಪಾಯವಿದೆ.

ಪರೀಕ್ಷೆಗೆ ಹೊಸ ಶೂ ಕೊಂಡವರು ಅದನ್ನು ಅಂದೇ ಮೊದಲ ಬಾರಿಗೆ ಧರಿಸಬಾರದು. ಕನಿಷ್ಠ ಎರಡು ಮೂರು ವಾರ ಅದರಲ್ಲಿ ಓಡಿರಬೇಕು. ಕಾರ್ಬನ್ ತಟ್ಟೆ ಅಳವಡಿಸಿದ ದುಬಾರಿ ಶೂಗಳ ಆಕರ್ಷಣೆಯೂ ಈಗ ಹೆಚ್ಚಿದೆ. ಇವು ಪಳಗಿದ ಓಟಗಾರರ ವೇಗ ಹೆಚ್ಚಿಸುತ್ತವೆ ನಿಜ; ಆದರೆ ಪಾದದ ಮೇಲಿನ ಒತ್ತಡವನ್ನು ಬೇರೆಡೆಗೆ ವರ್ಗಾಯಿಸುತ್ತವೆ. ಇಂತಹ ಶೂ ಬಳಸಿದ ಕೆಲವು ಓಟಗಾರರ ಪಾದದ ನಡುವಿನ ಮೂಳೆಗೆ ಒತ್ತಡದ ಗಾಯವಾದ ಪ್ರಕರಣಗಳು 2023ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾದವು. ಆರಂಭಿಕರಿಗೆ ಇವು ಅಗತ್ಯವಿಲ್ಲ.

ಅನುಕೂಲವಿದ್ದವರು ಎರಡು ಜೊತೆ ಶೂಗಳನ್ನು ಸರದಿಯಂತೆ ಬಳಸುವುದು ಒಳ್ಳೆಯದು. ಲಕ್ಸೆಂಬರ್ಗ್‌ನಲ್ಲಿ 264 ಓಟಗಾರರನ್ನು 22 ವಾರ ಗಮನಿಸಿದಾಗ, ಬೇರೆ ಬೇರೆ ಶೂಗಳನ್ನು ಬದಲಿಸುತ್ತ ಓಡಿದವರಲ್ಲಿ ಗಾಯದ ಸಂಭವ ಶೇ 39ರಷ್ಟು ಕಡಿಮೆಯಿತ್ತು. ಇದು ಗಮನಿಸಿ ದಾಖಲಿಸಿದ ಅಧ್ಯಯನವಾದ ಕಾರಣ ಶೂ ಬದಲಾವಣೆಯೊಂದೇ ಕಾರಣವೆಂದು ಹೇಳಲಾಗದಾದರೂ, ಶೂ ಬದಲಾದಂತೆ ಕಾಲಿನ ಮೇಲಿನ ಒತ್ತಡದ ಜಾಗವೂ ಬದಲಾಗುತ್ತದೆ ಎಂಬ ವಿವರಣೆ ತರ್ಕಬದ್ಧವಾಗಿದೆ.

ಬೆಳೆಯುವ ಕಾಲು

ಸರ್ಕಾರಿ ಶಾಲೆಗಳ ಮಕ್ಕಳಿಗೆ ಶೂ ಮತ್ತು ಕಾಲುಚೀಲ ನೀಡುವ ಯೋಜನೆ ರಾಜ್ಯದಲ್ಲಿ 2015-16ರಿಂದ ಜಾರಿಗೆ ಬಂತು. ತರಗತಿಗೆ ಧರಿಸುವ ಕಪ್ಪು ಶೂವಿನಲ್ಲೇ ಆಟದ ಮೈದಾನಕ್ಕೂ ಇಳಿಯುವ ಮಕ್ಕಳು ಬಹಳ. ಬೆಳೆಯುವ ಮಗುವೆಂದು ಎರಡು ನಂಬರ್ ದೊಡ್ಡ ಶೂ ಕೊಡಿಸಿ, ತುದಿಗೆ ಹತ್ತಿ ತುರುಕುವ ರೂಢಿ ಮನೆಗಳಲ್ಲಿದೆ. ಸಡಿಲ ಶೂವಿನಲ್ಲಿ ಓಡುವ ಮಗು ಎಡವುತ್ತದೆ, ಹಿಮ್ಮಡಿ ಉಜ್ಜಿ ಬೊಬ್ಬೆ ಏಳುತ್ತದೆ. ಒಂದು ಹೆಬ್ಬೆರಳ ಅಗಲದ ಜಾಗವೇ ಬೆಳವಣಿಗೆಗೂ ಸಾಕು. ಮೂರು ನಾಲ್ಕು ತಿಂಗಳಿಗೊಮ್ಮೆ ಪೋಷಕರು ಮಗುವನ್ನು ನಿಲ್ಲಿಸಿ ಬೆರಳ ತುದಿಯ ಜಾಗವನ್ನು ಒತ್ತಿ ನೋಡಬೇಕು. ಬಿಗಿಯಾದ ಶೂ ತೊಟ್ಟು ಆಡುವುದಕ್ಕಿಂತ ಸ್ವಚ್ಛವಾದ ಮಣ್ಣಿನ ಅಂಕಣದಲ್ಲಿ ಬರಿಗಾಲಲ್ಲಿ ಆಡುವುದೇ ಮಗುವಿನ ಪಾದಕ್ಕೆ ಹಿತ.

ಹತ್ತರಿಂದ ಹದಿನಾಲ್ಕರ ವಯಸ್ಸಿನಲ್ಲಿ ಹೆಚ್ಚು ಓಡುವ, ಜಿಗಿಯುವ ಮಕ್ಕಳಿಗೆ ಹಿಮ್ಮಡಿಯ ಹಿಂಭಾಗದಲ್ಲಿ ನೋವು ಬರುವುದುಂಟು. ಬೆಳೆಯುತ್ತಿರುವ ಮೂಳೆಯ ಭಾಗವನ್ನು ಸ್ನಾಯುರಜ್ಜು ಎಳೆಯುವುದು ಇದಕ್ಕೆ ಕಾರಣ. ಮಗು ನೆಪ ಹೇಳುತ್ತಿದೆ ಎಂದು ಗದರದೆ ಕೆಲವು ವಾರ ಆಟ ತಗ್ಗಿಸಿ, ಮೆತ್ತನೆಯ ಹಿಮ್ಮಡಿಯ ಶೂ ಕೊಡಿಸುವುದು ಉಚಿತ.

ಸಕ್ಕರೆ ಕಾಯಿಲೆ ಮತ್ತು ಫ್ಲೋರೈಡ್: ವಿಶೇಷ ಎಚ್ಚರಿಕೆ

ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮದ ವ್ಯಾಯಾಮ ವಯಸ್ಕರಿಗೆ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. ಸಕ್ಕರೆ ಕಾಯಿಲೆಯವರಿಗೆ ನಡಿಗೆ ಅತ್ಯುತ್ತಮ. ಆದರೆ ಬಹುಕಾಲದ ಸಕ್ಕರೆ ಕಾಯಿಲೆಯಲ್ಲಿ ಪಾದದ ಸ್ಪರ್ಶಜ್ಞಾನ ಕುಂದುವುದುಂಟು. ಒಳಗೆ ಹರಳು ಸೇರಿದರೂ, ಮುಳ್ಳು ತೂರಿದರೂ ನೋವೇ ತಿಳಿಯದೆ ಗಾಯ ಹುಣ್ಣಾಗಿ, ಬೆರಳು ಅಥವಾ ಪಾದವನ್ನೇ ಕತ್ತರಿಸಬೇಕಾದ ಸ್ಥಿತಿ ಬರಬಹುದು. ಇಂತಹವರು ಮನೆಯೊಳಗೂ ಹೊರಗೂ ಬರಿಗಾಲಲ್ಲಿ ನಡೆಯಬಾರದು. ಶೂವಿನ ಒಳಗೆ ಕೈಯಾಡಿಸಿ ನೋಡಿಯೇ ಧರಿಸಬೇಕು. ರಕ್ತದ ಕಲೆ ತಟ್ಟನೆ ಕಾಣುವಂತೆ ಬಿಳಿ ಅಥವಾ ತಿಳಿಬಣ್ಣದ ಹತ್ತಿಯ ಕಾಲುಚೀಲ ಬಳಸಬೇಕು. ರಾತ್ರಿ ಮಲಗುವ ಮುನ್ನ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು ಇಲ್ಲವೇ ಮನೆಯವರಿಂದ ನೋಡಿಸಿಕೊಳ್ಳಬೇಕು. ಸ್ಪರ್ಶಜ್ಞಾನ ಕುಂದಿದವರಿಗೆ ‘ಹಿತವೆನಿಸಿದ್ದೇ ಸರಿ’ ಎಂಬ ನಿಯಮ ಅನ್ವಯಿಸದು. ಬಿಗಿ ಶೂವೂ ಅವರಿಗೆ ಹಿತವಾಗಿಯೇ ತೋರುತ್ತದೆ. ಅವರು ವೈದ್ಯರ ಸಲಹೆಯಂತೆಯೇ ಪಾದರಕ್ಷೆ ಆರಿಸಬೇಕು. ಸಕ್ಕರೆ ಪರೀಕ್ಷೆಗೆ ಹೋದಾಗ ಪಾದವನ್ನೂ ಪರೀಕ್ಷಿಸುವಂತೆ ಕೇಳಿಕೊಳ್ಳುವುದು ಅವರ ಹಕ್ಕು.

ಪಾವಗಡ ಸೀಮೆಗೆ ಸಂಬಂಧಿಸಿದ ಇನ್ನೊಂದು ಮಾತಿದೆ. ಇಲ್ಲಿನ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದು ಬಹುಕಾಲದಿಂದ ತಿಳಿದ ಸಮಸ್ಯೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಸಿಗದಿದ್ದರೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು ಎಂಬುದು ಭಾರತೀಯ ಮಾನಕ. ವರ್ಷಗಟ್ಟಲೆ ಅದಕ್ಕಿಂತ ಹೆಚ್ಚು ಸೇವಿಸಿದವರಲ್ಲಿ ಕೀಲುಗಳು ಬಿಗಿಯುತ್ತವೆ. ಬೆನ್ನು, ಕತ್ತು, ಮಂಡಿಗಳಲ್ಲಿ ನೋವು ಕಾಣಿಸಿಕೊಳ್ಳುತ್ತದೆ. ಇಂತಹ ನೋವನ್ನು ಶೂವಿನ ದೋಷವೆಂದೋ ವಯಸ್ಸಿನ ಸಹಜ ನೋವೆಂದೋ ತಿಳಿದು ಶೂ ಬದಲಿಸುತ್ತ ಹೋದರೆ ಪ್ರಯೋಜನವಿಲ್ಲ. ವ್ಯಾಯಾಮ ನಿಲ್ಲಿಸಿದರೂ ಹೋಗದ, ಹಲವು ಕೀಲುಗಳಲ್ಲಿ ಒಟ್ಟಿಗೆ ಇರುವ ನೋವು, ಬೆಳಗಿನ ಬಿಗಿತ, ಹಲ್ಲುಗಳ ಮೇಲೆ ಕಂದು ಕಲೆ ಇವು ಇದ್ದರೆ ವೈದ್ಯರ ತಪಾಸಣೆಯೂ ಕುಡಿಯುವ ನೀರಿನ ಪರೀಕ್ಷೆಯೂ ಆಗಬೇಕು. ನೀರನ್ನು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ಶೂ ಬದಲಿಸುವ ಕಾಲ

ಓಟದ ಶೂವಿನ ಆಯಸ್ಸು ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಎಂದು ಲೆಕ್ಕ. ವಾರಕ್ಕೆ 30 ಕಿಲೋಮೀಟರ್ ಓಡುವವರಿಗೆ ಇದು ನಾಲ್ಕರಿಂದ ಆರು ತಿಂಗಳಾಗುತ್ತದೆ. ನಡೆಯುವವರಿಗೆ ಪೆಟ್ಟು ಕಡಿಮೆಯಾದ್ದರಿಂದ ಇನ್ನಷ್ಟು ಕಾಲ ಬಾಳುತ್ತದೆ. ಮೇಲ್ಭಾಗ ಹೊಸದರಂತೆ ಹೊಳೆಯುತ್ತಿದ್ದರೂ ನಡು ಪದರ ಸತ್ತಿರಬಹುದು. ಪಕ್ಕದಲ್ಲಿ ಆಳವಾದ ಸುಕ್ಕು ಮೂಡಿ ಹಾಗೇ ಉಳಿದಿದ್ದರೆ, ಅಟ್ಟೆ ಒಂದೇ ಕಡೆ ಸವೆದು ಶೂ ವಾಲಿದ್ದರೆ, ಇದ್ದಕ್ಕಿದ್ದಂತೆ ಹಿಮ್ಮಡಿ ಅಥವಾ ಮಂಡಿ ನೋವು ಶುರುವಾದರೆ ಅದನ್ನು ಬದಲಿಸುವ ಕಾಲ ಬಂದಿದೆ. ಅಣ್ಣನ ಹಳೆಯ ಶೂ ತಮ್ಮನಿಗೆ ಎಂಬ ರೂಢಿ ವ್ಯಾಯಾಮದ ಶೂವಿಗೆ ಒಗ್ಗದು. ಅದು ಅಣ್ಣನ ಹೆಜ್ಜೆಗೆ ತಕ್ಕಂತೆ ಸವೆದಿರುತ್ತದೆ.

ಕಾಲು ಉಳುಕಿದಾಗ ಮೊದಲ ಒಂದೆರಡು ದಿನ ವಿಶ್ರಾಂತಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಹದವಾದ ಪಟ್ಟಿ, ಕಾಲನ್ನು ಎತ್ತರದಲ್ಲಿಡುವುದು ಉಪಯುಕ್ತ. ನಾಲ್ಕು ಹೆಜ್ಜೆಯೂ ಊರಲಾಗದಿದ್ದರೆ, ಮೂಳೆಯ ಮೇಲೆ ಮುಟ್ಟಿದರೆ ನೋವಾದರೆ ಎಕ್ಸ್‌ರೇ ಅಗತ್ಯ. ಅಂತಹ ಕಾಲನ್ನು ನೀವಿಸುವುದು, ಎಳೆಸುವುದು ಅಪಾಯಕಾರಿ. ಒಮ್ಮೆ ಉಳುಕಿದ ಕಾಲು ಮತ್ತೆ ಉಳುಕುವ ಸಂಭವ ಹೆಚ್ಚು. ನೋವು ಹೋದ ಮೇಲೆ ಒಂಟಿ ಕಾಲಲ್ಲಿ ನಿಲ್ಲುವ, ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮಗಳನ್ನು ಕೆಲವು ವಾರ ಮಾಡಿದರೆ ಆ ಸಂಭವ ತಗ್ಗುತ್ತದೆ.

ಶೂ ಕೊಳ್ಳಲು ಹೊರಟವರು ಮೊದಲು ತಾವು ನಿತ್ಯ ನಡೆಯುವ ನೆಲವನ್ನು, ಆಮೇಲೆ ತಮ್ಮ ಪಾದವನ್ನು, ಕೊನೆಗೆ ಬೆಲೆಯ ಚೀಟಿಯನ್ನು ನೋಡುವುದು ಒಳಿತು. ಹೊಸ ಶೂ ಬಂದ ದಿನವೇ ದೂರ ಹೆಚ್ಚಿಸುವುದು ಸಲ್ಲದು. ದೂರ ಮತ್ತು ವೇಗವನ್ನು ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಿ, ವಾರಕ್ಕೆ ಒಂದು ದಿನವಾದರೂ ಕಾಲಿಗೆ ಬಿಡುವು ಕೊಟ್ಟರೆ ಸಾಧಾರಣ ಬೆಲೆಯ ಶೂ ಕೂಡ ತನ್ನ ಕೆಲಸವನ್ನು ಚೆನ್ನಾಗಿ ಮಾಡುತ್ತದೆ.